ಬಂದೂಕು ಬಂತು, ಅದರ ಕಣ್ಣು ಯಾಕೆ ತಡ?

ಪ್ರಶ್ನೆ: ನನ್ನ ತಮ್ಮ ಕಾಲಾಳುಪಡೆಯಲ್ಲಿದ್ದಾನೆ. ಇನ್ಸಾಸ್ ಹೋಗಿ ಕೆಲವು ಕಡೆ ಅಮೆರಿಕದ ಸಿಗ್, ಕೆಲವು ಕಡೆ ರಷ್ಯಾ ಮೂಲದ ಎಕೆ-203 ಬಂದಿವೆ. ಕ್ಷಿಪಣಿ ಮಾಡುವ ದೇಶಕ್ಕೆ ಒಂದು ಬಂದೂಕು ಆರಿಸಲು ಇಷ್ಟು ವರ್ಷ ಯಾಕೆ ಬೇಕಾಯಿತು? 2025ರ ಅಕ್ಟೋಬರಿನಲ್ಲಿ ಸಿಗ್ ಬಂದೂಕಿಗೆ ನೈಟ್ ಸೈಟ್ ಕೊಳ್ಳಲು 659 ಕೋಟಿ ರೂಪಾಯಿಯ ಒಪ್ಪಂದ ಆಯಿತೆಂದು ಓದಿದೆ. ಅದು ಬಂದೂಕಿನ ಜೊತೆಗೇ ಬರಬೇಕಿತ್ತಲ್ಲವೇ? ಅದರಲ್ಲಿ ‘500 ಮೀಟರ್’ ಎಂದಿದೆಯಲ್ಲ, ಅದರ ಅರ್ಥವೇನು? (ಬೆಳಗಾವಿಯ ಓದುಗರು)

ಉತ್ತರ: ಜೊತೆಗೇ ಬರಬೇಕಿತ್ತು. ಸಿಗ್ 716 ಬಂದೂಕಿನ ಮೊದಲ ಒಪ್ಪಂದಕ್ಕೆ ಸಹಿ ಬಿದ್ದದ್ದು 2019ರ ಫೆಬ್ರುವರಿಯಲ್ಲಿ. ನೀವು ಓದಿದ ನೈಟ್ ಸೈಟ್ ಒಪ್ಪಂದ 2025ರ ಅಕ್ಟೋಬರ್ 15ರದ್ದು. ನಡುವೆ ಆರು ವರ್ಷ ಎಂಟು ತಿಂಗಳು. ಇದು ಯಾರೋ ಒಬ್ಬ ಅಧಿಕಾರಿಯ ಸೋಮಾರಿತನದಿಂದ ಆದ ತಡವಲ್ಲ. ನಮ್ಮಲ್ಲಿ ಬಂದೂಕು ಒಂದು ಕಡತ, ಅದರ ಕಣ್ಣು, ಅಂದರೆ ಗುರಿ ನೋಡುವ ಸೈಟ್, ಇನ್ನೊಂದು ಕಡತ. ಎರಡೂ ಬೇರೆ ಬೇರೆ ಮೇಜುಗಳ ಮೇಲೆ ಬೇರೆ ಬೇರೆ ವೇಗದಲ್ಲಿ ಸಾಗುತ್ತವೆ.

ಕಣ್ಣು ಎಷ್ಟು ಮುಖ್ಯ ಎನ್ನುವುದಕ್ಕೆ ಸಣ್ಣ ಲೆಕ್ಕ ಮಾಡೋಣ. ಬಂದೂಕಿನ ಕಬ್ಬಿಣದ ಗುರಿಯ ಮುಂದಿನ ಕಡ್ಡಿ 2 ಮಿ.ಮೀ ದಪ್ಪ, ಅದು ಕಣ್ಣಿನಿಂದ 70 ಸೆಂ.ಮೀ ದೂರದಲ್ಲಿದೆ ಎಂದುಕೊಳ್ಳಿ. 300 ಮೀಟರ್ ಆಚೆ ಆ ಕಡ್ಡಿ ಸುಮಾರು 85 ಸೆಂ.ಮೀ ಅಗಲವನ್ನು ಮರೆಮಾಡುತ್ತದೆ. ಮನುಷ್ಯನ ಎದೆಯ ಅಗಲ 50 ಸೆಂ.ಮೀ. ಅಲ್ಲಿಗೆ ಎದುರಾಳಿ ಕಡ್ಡಿಯ ಹಿಂದೆ ಪೂರ್ತಿ ಮಾಯ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ಮೇಲಿನ ತೆಂಗಿನಕಾಯಿಗೆ ಕೋವಿ ಹಿಡಿದವರಿಗೆ ಈ ಕಷ್ಟ ಹೇಳಬೇಕಿಲ್ಲ. ಅಲ್ಲಿ ಕಾಯಿ ಅಲುಗುವುದಿಲ್ಲ, ತಿರುಗಿ ಹೊಡೆಯುವುದೂ ಇಲ್ಲ. ಒಳ್ಳೆಯ ಕಣ್ಣಿಗೂ 500 ಮೀಟರಿನಲ್ಲಿ 15 ಸೆಂ.ಮೀಗಿಂತ ಸಣ್ಣ ವಿವರ ಬೇರೆಯಾಗಿ ಕಾಣದು. ನಾಲ್ಕು ಪಟ್ಟು ಹಿಗ್ಗಿಸುವ ಸ್ಕೋಪ್ ಇಟ್ಟರೆ ಅದೇ ದೂರದಲ್ಲಿ 4 ಸೆಂ.ಮೀ ವಿವರ ಕಾಣುತ್ತದೆ. ಕೈಯಲ್ಲಿರುವುದು ಬಂದೂಕೋ ಗುದ್ದಲಿಯೋ ಎನ್ನುವುದು ಇಷ್ಟರಲ್ಲಿ ತೀರ್ಮಾನವಾಗುತ್ತದೆ. ಸಿಗ್‌ನಂಥ 7.62×51 ಮಿ.ಮೀ (ಮೊದಲನೆಯದು ಗುಂಡಿನ ದಪ್ಪ, ಎರಡನೆಯದು ತೋಟಾದ ಕೋಶದ ಉದ್ದ) ಗುಂಡಿನ ಭಾರದ ಬಂದೂಕನ್ನು ಕೊಳ್ಳುವುದೇ ದೂರಕ್ಕೆ ಹೊಡೆಯಲು. ಕಣ್ಣು ಕೊಡದೆ ಅದನ್ನು ಹಂಚಿದರೆ ಸೈನಿಕ ಹೊರುವುದು ಹೆಚ್ಚಿನ ತೂಕವನ್ನು, ಬಳಸುವುದು ಹಳೆಯ ದೂರವನ್ನೇ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ.

ಡಿಆರ್‌ಡಿಒದ ಪುಣೆಯ ಪ್ರಯೋಗಾಲಯ ಎಆರ್‌ಡಿಇ ರೂಪಿಸಿದ ಇನ್ಸಾಸ್ 1990ರ ದಶಕದಲ್ಲಿ ಸೇನೆಗೆ ಬಂತು. 5.56×45 ಗುಂಡು, 20 ಗುಂಡಿನ ಪಾರದರ್ಶಕ ಪ್ಲಾಸ್ಟಿಕ್ ಮ್ಯಾಗಜೀನ್, ಒಮ್ಮೆ ಕುದುರೆ ಒತ್ತಿದರೆ ಮೂರು ಗುಂಡು ಹಾರುವ ವ್ಯವಸ್ಥೆ. 1999ರ ಕಾರ್ಗಿಲ್ ಚಳಿಯಲ್ಲಿ ಮ್ಯಾಗಜೀನ್ ಬಿರುಕು ಬಿಟ್ಟದ್ದು ಎಲ್ಲರೂ ಹೇಳುವ ದೂರು. ಅದಕ್ಕಿಂತ ದೊಡ್ಡ ಕೊರತೆಯ ಬಗ್ಗೆ ಮಾತು ಕಡಿಮೆ: ಮೂಲ ಇನ್ಸಾಸ್‌ನಲ್ಲಿ ಪಿಕಾಟಿನಿ ಹಳಿ ಇರಲಿಲ್ಲ. ಸ್ಕೋಪು, ಟಾರ್ಚು, ಲೇಸರು ಯಾವುದನ್ನಾದರೂ ಕೂರಿಸಲು ಬಂದೂಕಿನ ಮೇಲಿರುವ ಹಲ್ಲಿನ ಪಟ್ಟಿಗೆ ಪಿಕಾಟಿನಿ ಹಳಿ ಎನ್ನುತ್ತಾರೆ. ಪ್ರತಿ ಕಚ್ಚು 5.23 ಮಿ.ಮೀ ಅಗಲ, ಒಂದು ಕಚ್ಚಿನಿಂದ ಇನ್ನೊಂದಕ್ಕೆ 10.01 ಮಿ.ಮೀ. ಈ ಅಳತೆ ಜಗತ್ತಿಗೆಲ್ಲ ಒಂದೇ ಆದ್ದರಿಂದಲೇ ಒಬ್ಬರ ಬಂದೂಕಿಗೆ ಇನ್ನೊಬ್ಬರ ಕಣ್ಣು ಹೊಂದುತ್ತದೆ.

ಇನ್ಸಾಸ್ ಬದಲಿಸುವ ಮೊದಲ ದೊಡ್ಡ ಯತ್ನ 2011ರ ನವೆಂಬರಿನದು. 66,000 ಬಂದೂಕಿಗೆ ಟೆಂಡರ್ ಕರೆದರು. ಷರತ್ತು ಏನೆಂದರೆ ಒಂದೇ ಬಂದೂಕು ನಳಿಕೆ ಬದಲಿಸಿದರೆ 5.56×45 ಗುಂಡನ್ನೂ 7.62×39 ಗುಂಡನ್ನೂ ಹಾರಿಸಬೇಕು. ಇಟಲಿಯ ಬೆರೆಟ್ಟಾ, ಅಮೆರಿಕದ ಕೋಲ್ಟ್, ಝೆಕ್ ದೇಶದ ಸಿಝಡ್, ಇಸ್ರೇಲಿನ ಐಡಬ್ಲ್ಯುಐ ಮೊದಲಾದವು ಬಂದವು. 2015ರಲ್ಲಿ ಇಡೀ ಟೆಂಡರ್ ರದ್ದಾಯಿತು. ಕಾಗದದ ಮೇಲೆ ಚೆಂದ ಕಾಣುವ ಈ ಬೇಡಿಕೆಯ ಹುಳುಕು ಕಣ್ಣಿನ ಕಡೆಯಿಂದ ನೋಡಿದರೆ ಬೇಗ ಗೊತ್ತಾಗುತ್ತದೆ. ನಳಿಕೆ ಬದಲಾದರೆ ಬೋಲ್ಟೂ ಮ್ಯಾಗಜೀನೂ ಬದಲಾಗಬೇಕು, ಅದು ಹೇಗೋ ಆದೀತು. ಆದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. 100 ಮೀಟರಿಗೆ ಸರಿಮಾಡಿಟ್ಟರೆ 500 ಮೀಟರಿನಲ್ಲಿ 5.56×45 ಗುಂಡು ಗುರಿರೇಖೆಯಿಂದ ಎಷ್ಟು ಕೆಳಗೆ ಬೀಳುತ್ತದೋ 7.62×39 ಅದರ ಹೆಚ್ಚುಕಡಿಮೆ ಎರಡು ಪಟ್ಟು ಬೀಳುತ್ತದೆ. ಸ್ಕೋಪಿನೊಳಗಿನ ದೂರದ ಗೀಟುಗಳನ್ನು ಒಂದು ಗುಂಡಿನ ಇಳಿತಕ್ಕೆ ಕೊರೆದಿರುತ್ತಾರೆ. ಎರಡು ಗುಂಡಿಗೆ ಒಂದೇ ಗೀಟು ಸುಳ್ಳು ಹೇಳುತ್ತದೆ. ನಳಿಕೆ ಬದಲಿಸಿದ ಪ್ರತಿ ಸಲ ಮತ್ತೆ ಝೀರೋ ಮಾಡಬೇಕು (ಗುರಿಯಿಟ್ಟ ಜಾಗಕ್ಕೇ ಗುಂಡು ಬೀಳುವಂತೆ ಸೈಟನ್ನು ಹೊಂದಿಸಬೇಕು), ಅದಕ್ಕೆ ಫೈರಿಂಗ್ ರೇಂಜ್ ಬೇಕು. ಗಡಿಯ ಪೋಸ್ಟಿನಲ್ಲಿ ಅದೆಲ್ಲಿ ಸಿಗುತ್ತದೆ?

ಇಲ್ಲಿಂದ ಮುಂದೆ ಬೇಡಿಕೆಯೇ ತಿರುಗಿಬಿತ್ತು. 2016ರಲ್ಲಿ 7.62×51 ಬೇಕೆಂದಾಯಿತು. ಇಛಾಪುರದ ರೈಫಲ್ ಕಾರ್ಖಾನೆ ಆ ಗುಂಡಿಗೆ ಮಾಡಿದ ಬಂದೂಕನ್ನು 2017ರಲ್ಲಿ ಸೇನೆ ಗುಣಮಟ್ಟ ಸಾಲದೆಂದು ಬಿಟ್ಟಿತು. 2018ರ ಜನವರಿಯಲ್ಲಿ ರಕ್ಷಣಾ ಖರೀದಿ ಮಂಡಳಿ ತುರ್ತು ಮಾರ್ಗದಲ್ಲಿ 72,400 ಬಂದೂಕು ಮತ್ತು 93,895 ಕಾರ್ಬೈನ್ (ಗಿಡ್ಡ ನಳಿಕೆಯ ಬಂದೂಕು) ಕೊಳ್ಳಲು ಒಪ್ಪಿತು. ಒಪ್ಪಿಗೆಯಾಗಿ ಸುಮಾರು ಒಂದು ವರ್ಷಕ್ಕೆ ಸಿಗ್ ಒಪ್ಪಂದವಾಯಿತು. 72,400ರಲ್ಲಿ 66,400 ಭೂಸೇನೆಗೆ, 4,000 ವಾಯುಪಡೆಗೆ, 2,000 ನೌಕಾಪಡೆಗೆ. 2024ರ ಆಗಸ್ಟಿನಲ್ಲಿ ಇನ್ನೂ 73,000 ಬಂದೂಕು, 837 ಕೋಟಿ ರೂಪಾಯಿಗೆ. ಭಾಗಿಸಿದರೆ ಒಂದಕ್ಕೆ ಸುಮಾರು 1.15 ಲಕ್ಷ. ಕಾರ್ಬೈನಿನ ಕಥೆ ಬೇರೆ: ಅಬುಧಾಬಿಯ ಕಾರಕಲ್ ಕಂಪನಿ ಆಯ್ಕೆಯಾಗಿ 2020ರಲ್ಲಿ ಕೈಬಿಟ್ಟುಹೋಯಿತು. 2022ರಲ್ಲಿ ದೇಶಿ ವಿನ್ಯಾಸವೇ ಬೇಕೆಂದು ಹೊಸದಾಗಿ ಶುರುಮಾಡಿ ನಾಲ್ಕು ಲಕ್ಷ ದಾಟಿದ ಸಂಖ್ಯೆಗೆ ಬಂದು ನಿಂತಿದೆ.

ಸಿಗ್ ಎಲ್ಲರಿಗೂ ಅಲ್ಲ, ಮುಂಚೂಣಿಯವರಿಗೆ. ಉಳಿದವರಿಗಾಗಿ ಎಕೆ-203. ಉತ್ತರಪ್ರದೇಶದ ಅಮೇಠಿಯ ಕೊರ್ವಾ ಕಾರ್ಖಾನೆಯ ಉದ್ಘಾಟನೆ 2019ರ ಮಾರ್ಚ್ 3ರಂದು. ಒಪ್ಪಂದಕ್ಕೆ ಸಹಿ 2021ರ ಡಿಸೆಂಬರ್ 6ರಂದು. ಹೌದು, ಉದ್ಘಾಟನೆ ಮೊದಲು, ಒಪ್ಪಂದ ಎರಡೂಮುಕ್ಕಾಲು ವರ್ಷ ಆಮೇಲೆ. ನಡುವಿನ ಕಾಲ ಬೆಲೆ ಮತ್ತು ತಂತ್ರಜ್ಞಾನದ ರಾಯಧನದ ಚೌಕಾಸಿಗೆ ಹೋಯಿತು. ಸಂಖ್ಯೆ 6,01,427, ಮೊತ್ತ ಐದು ಸಾವಿರ ಕೋಟಿಗಿಂತ ಸ್ವಲ್ಪ ಮೇಲೆ. ಒಂದಕ್ಕೆ ಸುಮಾರು 85,000 ರೂಪಾಯಿ ಬೀಳುತ್ತದೆ. 2024ರ ಜುಲೈ ಹೊತ್ತಿಗೆ 35,000, 2025ರ ಜುಲೈ ಹೊತ್ತಿಗೆ 48,000 ಬಂದೂಕು ಸೇನೆಗೆ ತಲುಪಿದವು. ದೇಶದಲ್ಲೇ ಪೂರ್ತಿ ಮಾಡಿದ್ದಕ್ಕೆ ‘ಶೇರ್’ ಎಂದು ಹೆಸರಿಡುತ್ತಾರೆ.

ಹೀಗಾಗಿ ಒಂದೇ ಸೇನೆಯಲ್ಲಿ ಮೂರು ಬಗೆಯ ಗುಂಡು: ಇನ್ಸಾಸ್‌ಗೆ 5.56×45, ಎಕೆ-203ಕ್ಕೆ 7.62×39, ಸಿಗ್‌ಗೆ 7.62×51. ತೂಕ ನೋಡಿ: 5.56ರ ಒಂದು ತೋಟಾ ಸುಮಾರು 12 ಗ್ರಾಂ, 7.62×39ರದ್ದು 16 ಗ್ರಾಂ, 7.62×51ರದ್ದು 24 ಗ್ರಾಂ. 140 ತೋಟಾ ಹೊತ್ತರೆ ಮೊದಲನೆಯದು 1.7 ಕಿಲೋ, ಮೂರನೆಯದು 3.4 ಕಿಲೋ, ಮ್ಯಾಗಜೀನ್ ಲೆಕ್ಕ ಬಿಟ್ಟು. 2020ರಲ್ಲಿ ಇಸ್ರೇಲಿನಿಂದ ಕೊಂಡ 16,479 ನೆಗೆವ್ ಹಗುರ ಮೆಷಿನ್‌ಗನ್ 7.62×51ರದ್ದು, ಸಿಗ್ ಹಿಡಿದವರ ಜೊತೆ ಗುಂಡು ಹಂಚಿಕೊಳ್ಳಬಹುದು, ಎಕೆ ಹಿಡಿದವರ ಜೊತೆ ಆಗದು. ಗುಂಡು ಮೂರಾದರೆ ಸ್ಕೋಪಿನ ಗೀಟೂ ಮೂರು. ಬಂದೂಕಿನ ಬಗೆ ಹೆಚ್ಚಿದಂತೆ ಕಣ್ಣಿನ ಟೆಂಡರೂ ಹೆಚ್ಚುತ್ತದೆ ಎನ್ನುವುದು ಈ ಕಾರಣಕ್ಕೆ.

ಕಡತ ಎಲ್ಲಿ ನಿಲ್ಲುತ್ತದೆ? ಹೊರಗಿನವರು ಕಾರ್ಖಾನೆಯನ್ನು ದೂರುತ್ತಾರೆ. ಹೆಚ್ಚಿನ ಸಲ ಅದು ಮುಗ್ಗರಿಸುವುದು ಮೊದಲ ಕಾಗದದಲ್ಲೇ. ಅದಕ್ಕೆ ಎಸ್‌ಕ್ಯೂಆರ್ ಎನ್ನುತ್ತಾರೆ, ಸೇನೆ ಬರೆಯುವ ಗುಣಲಕ್ಷಣಗಳ ಪಟ್ಟಿ. ಇದಕ್ಕೂ ಮುಂಚೆ ಮಾರುಕಟ್ಟೆಯಲ್ಲಿ ಏನಿದೆ ಎಂದು ಕಂಪನಿಗಳನ್ನು ವಿಚಾರಿಸುವ ಆರ್‌ಎಫ್‌ಐ. ಪಟ್ಟಿ ಗಟ್ಟಿಯಾದ ಮೇಲೆ ‘ಇದು ನಿಜಕ್ಕೂ ಬೇಕು, ಇಷ್ಟು ಬೇಕು, ಈ ಮಾರ್ಗದಲ್ಲಿ ಕೊಳ್ಳಬೇಕು’ ಎಂಬ ಒಪ್ಪಿಗೆ, ಎಒಎನ್. ಬಳಿಕ ಟೆಂಡರ್ ದಾಖಲೆ, ಆರ್‌ಎಫ್‌ಪಿ. ಕಂಪನಿಗಳು ತಾಂತ್ರಿಕ ವಿವರವನ್ನೂ ಬೆಲೆಯನ್ನೂ ಬೇರೆ ಬೇರೆ ಲಕೋಟೆಯಲ್ಲಿ ಕೊಡುತ್ತವೆ. ತಾಂತ್ರಿಕ ಸಮಿತಿ ಕಾಗದ ನೋಡುತ್ತದೆ. ಪಾಸಾದವರು ತಮ್ಮ ಖರ್ಚಿನಲ್ಲಿ ಮಾದರಿ ತಂದು ಮರುಭೂಮಿ, ಬಯಲು, ಎತ್ತರದ ಹಿಮ ಎಲ್ಲದರಲ್ಲೂ ಪರೀಕ್ಷೆಗೆ ನಿಲ್ಲಬೇಕು. ಆಮೇಲಷ್ಟೇ ಬೆಲೆಯ ಲಕೋಟೆ ಬಿಚ್ಚುತ್ತಾರೆ. ಕಡಿಮೆ ಹೇಳಿದವನು ಎಲ್1, ಅವನೊಂದಿಗೆ ಚೌಕಾಸಿ, ಹಣಕಾಸಿನ ಒಪ್ಪಿಗೆ, ಸಹಿ.

ಈ ಸರಪಳಿಯಲ್ಲಿ ಎರಡು ಬಲೆಗಳಿವೆ. ಮೊದಲನೆಯದು, ಪಟ್ಟಿ ಬರೆಯುವವರು ಐದು ಕಂಪನಿಗಳ ಕೈಪಿಡಿ ಎದುರಿಗಿಟ್ಟುಕೊಂಡು ಪ್ರತಿಯೊಂದರ ಅತ್ಯುತ್ತಮ ಗುಣವನ್ನು ಆರಿಸಿ ಸೇರಿಸುವುದು. ಒಬ್ಬರದರ ತೂಕ, ಇನ್ನೊಬ್ಬರದರ ದೂರ, ಮೂರನೆಯವರ ಬ್ಯಾಟರಿ. ಆ ಐದೂ ಗುಣವಿರುವ ವಸ್ತು ಭೂಮಿಯ ಮೇಲೆ ಇರುವುದಿಲ್ಲ. ಕೊನೆಗೆ ಯಾರೂ ಪಾಸಾಗರು, ಇಲ್ಲವೇ ಒಬ್ಬನೇ ಉಳಿದು ಪೈಪೋಟಿ ಇಲ್ಲದ ಟೆಂಡರ್ ಎಂದು ಅದೂ ಬೀಳುತ್ತದೆ. ಎರಡನೆಯದು ಎಲ್1. ಅಂಚಿನಲ್ಲಿ ಪಾಸಾದವನೂ ಚೆನ್ನಾಗಿ ಪಾಸಾದವನೂ ಬೆಲೆಯ ಮುಂದೆ ಸಮಾನರು. ನಳಿಕೆಗೆ ಇದು ನಡೆದೀತು, ಏಕೆಂದರೆ ನಳಿಕೆಯನ್ನು ಅಳೆಯಬಹುದು. ಗಾಜಿಗೆ ನಡೆಯುವುದಿಲ್ಲ. ಮಸೂರದ ಲೇಪನ ಹೇಗಿದೆ, ಅಂಚಿನಲ್ಲಿ ಚಿತ್ರ ಕಲೆಸುತ್ತದೆಯೇ, ಸಂಜೆಗತ್ತಲಲ್ಲಿ ಬೆಳಕು ಎಷ್ಟು ಒಳಬರುತ್ತದೆ ಎನ್ನುವುದನ್ನು ಬರೀ ‘ನಾಲ್ಕು ಪಟ್ಟು ಹಿಗ್ಗಿಸಬೇಕು’ ಎಂಬ ಒಂದು ಸಾಲು ಹಿಡಿಯಲಾರದು. 2020ರ ಖರೀದಿ ವಿಧಾನದಲ್ಲಿ ಕಡ್ಡಾಯಕ್ಕಿಂತ ಮೇಲಿನ ಗುಣಕ್ಕೆ ಬೆಲೆಯ ಹೋಲಿಕೆಯಲ್ಲಿ ಸ್ವಲ್ಪ ರಿಯಾಯಿತಿ ಕೊಡುವ ದಾರಿ ಇದೆ. ನನ್ನ ಅಭಿಪ್ರಾಯದಲ್ಲಿ ಆ ದಾರಿಯನ್ನು ಮೊದಲು ಬಳಸಬೇಕಾದ್ದು ಆಪ್ಟಿಕ್ಸ್‌ಗೆ.

ತುರ್ತು ಮಾರ್ಗದಲ್ಲಿ ಬಂದೂಕು ಬೇಗ ಬರಲು ಕಾರಣ, ಈಗಾಗಲೇ ತಯಾರಾಗುತ್ತಿರುವ ಮಾಲನ್ನು ಇದ್ದ ಹಾಗೇ ಕೊಳ್ಳುವುದು. ನೈಟ್ ಸೈಟ್ ದೇಶಿ ವಿನ್ಯಾಸದ್ದೇ ಆಗಬೇಕೆಂದು ಬೇರೆ ಮಾರ್ಗಕ್ಕೆ ಬಿತ್ತು. ಕಾನ್ಪುರದ ಎಂಕೆಯು ಮತ್ತು ಮೆಡ್‌ಬಿಟ್ ಕೂಟಕ್ಕೆ ಸಿಕ್ಕ 659.47 ಕೋಟಿಯ ಒಪ್ಪಂದದಲ್ಲಿ ಶೇ 51ಕ್ಕಿಂತ ಹೆಚ್ಚು ದೇಶಿ ಪಾಲು ಇದೆ. ಆ ನಿರ್ಧಾರ ತಪ್ಪೆಂದು ನಾನು ಹೇಳುವುದಿಲ್ಲ. ಬಂದೂಕಿನ ಆಯಸ್ಸು ಮೂವತ್ತು ವರ್ಷ, ಕಣ್ಣಿನದು ಹತ್ತು. ಮೂರು ಸಲ ಬದಲಿಸಬೇಕಾದ ವಸ್ತುವನ್ನು ಇಲ್ಲೇ ಮಾಡುವುದು ಒಳ್ಳೆಯದೇ. ಆದರೆ ಆ ಕಡತವನ್ನು ಬಂದೂಕಿನ ಕಡತದ ಜೊತೆಗೇ ತೆರೆದಿದ್ದರೆ ಆರು ವರ್ಷ ರಾತ್ರಿಗುರುಡು ಇರಬೇಕಿರಲಿಲ್ಲ. ಬೆಂಗಳೂರಿನ ಬಿಇಎಲ್, ಪುಣೆಯಲ್ಲಿ ಬೆಳಕು ಹಿಗ್ಗಿಸುವ ಟ್ಯೂಬ್ ಮಾಡುವ ಅದರ ಅಂಗಸಂಸ್ಥೆ, ಡೆಹ್ರಾಡೂನಿನ ಡಿಆರ್‌ಡಿಒ ಪ್ರಯೋಗಾಲಯ ಐಆರ್‌ಡಿಇ, ಅಲ್ಲಿಯದೇ ಇಂಡಿಯಾ ಆಪ್ಟೆಲ್, ಥರ್ಮಲ್ ಸೈಟ್ ಮಾಡುವ ಬೆಂಗಳೂರಿನ ಟಾನ್ಬೊ ಇಮೇಜಿಂಗ್: ಮಾಡುವವರೇ ಇಲ್ಲ ಎನ್ನುವ ಹಾಗಿಲ್ಲ.

ಈಗ ಆ ‘500 ಮೀಟರ್’. ರಾತ್ರಿ ನೋಡಲು ಎರಡು ದಾರಿ. ಒಂದು, ನಕ್ಷತ್ರ ಚಂದ್ರರ ಚೂರು ಬೆಳಕನ್ನೇ ಟ್ಯೂಬಿನಲ್ಲಿ ಸಾವಿರಾರು ಪಟ್ಟು ಹಿಗ್ಗಿಸುವುದು. ನೀವು ಕೇಳಿದ ಒಪ್ಪಂದ ಈ ಬಗೆಯದು. ಎರಡು, ಮೈಶಾಖವನ್ನೇ ಚಿತ್ರ ಮಾಡುವ ಥರ್ಮಲ್. ಮೊದಲನೆಯದರಲ್ಲಿ ಮುಖ, ಬಟ್ಟೆ, ಎಲೆ ಎಲ್ಲ ಸಹಜವಾಗಿ ಕಾಣುತ್ತವೆ, ಬ್ಯಾಟರಿ ಬಹುಕಾಲ ಬರುತ್ತದೆ, ಆದರೆ ಚೂರಾದರೂ ಬೆಳಕು ಬೇಕು. ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಹುಣ್ಣಿಮೆಯಲ್ಲಿ ಅದು 0.1 ಲಕ್ಸ್ ದಾಟುತ್ತದೆ. ಬರೀ ನಕ್ಷತ್ರ ಇರುವಾಗ 0.001 ಲಕ್ಸ್ ಆಸುಪಾಸು. ನೂರು ಪಟ್ಟು ವ್ಯತ್ಯಾಸ. ಆದ್ದರಿಂದ ‘500 ಮೀಟರ್’ ಎಂದು ಯಾರಾದರೂ ಹೇಳಿದರೆ ಎಷ್ಟು ಲಕ್ಸ್‌ನಲ್ಲಿ ಎಂದು ಕೇಳಿ. ಈ ಒಪ್ಪಂದದ ಪ್ರಕಟಣೆ ನಕ್ಷತ್ರದ ಬೆಳಕಿನಲ್ಲೂ 500 ಮೀಟರ್ ವರೆಗೆ ಎಂದು ಹೇಳಿರುವುದು ಒಳ್ಳೆಯದು. ದಟ್ಟ ಕಾಡಿನೊಳಗೆ, ಮೋಡ ಕವಿದಾಗ, ಅಷ್ಟೂ ಬೆಳಕು ಇರುವುದಿಲ್ಲ. ಟ್ಯೂಬಿನ ಗುಣವನ್ನು ಫಿಗರ್ ಆಫ್ ಮೆರಿಟ್ ಎಂಬ ಅಂಕಿಯಿಂದ ಹೇಳುತ್ತಾರೆ. ಚಿತ್ರದ ಸ್ಪಷ್ಟತೆಯನ್ನು (ಒಂದು ಮಿ.ಮೀನಲ್ಲಿ ಎಷ್ಟು ಜೋಡಿಗೀಟು, ಅಂದರೆ ಒಂದು ಕಪ್ಪು ಒಂದು ಬಿಳಿ ಗೀಟಿನ ಜೋಡಿ, ಬಿಡಿಯಾಗಿ ಕಾಣುತ್ತದೆ ಎನ್ನುವುದು) ಸಂಕೇತಕ್ಕೂ ಗದ್ದಲಕ್ಕೂ ಇರುವ ಅನುಪಾತದಿಂದ ಗುಣಿಸಿದರೆ ಆ ಅಂಕಿ. ಒಳಗಿನ ಎರಡು ಸಂಖ್ಯೆಗಳನ್ನು ಬಿಡಿಯಾಗಿ ಕೇಳದಿದ್ದರೆ ಮೋಸ ಹೋಗಬಹುದು: ಗೀಟು ಜಾಸ್ತಿ, ಗದ್ದಲವೂ ಜಾಸ್ತಿ ಇರುವ ಟ್ಯೂಬ್ ಹುಣ್ಣಿಮೆಯಲ್ಲಿ ಚೆಂದ, ಅಮಾವಾಸ್ಯೆಯಲ್ಲಿ ಮಳೆ ಬಂದ ಹಳೆ ಟಿವಿ.

ಥರ್ಮಲ್‌ನಲ್ಲಿ ಇನ್ನೊಂದು ಮರೆಮಾಚು ಇದೆ. ‘ಇದೆ’ ಎಂದು ಗೊತ್ತಾಗುವುದು, ‘ಮನುಷ್ಯ’ ಎಂದು ಗೊತ್ತಾಗುವುದು, ‘ಶತ್ರು’ ಎಂದು ಗೊತ್ತಾಗುವುದು ಮೂರೂ ಬೇರೆ. ಹಳೆಯ ಜಾನ್ಸನ್ ಅಳತೆಗೋಲಿನಂತೆ ಗುರಿಯ ಅಗಲದಲ್ಲಿ ಮೊದಲನೆಯದಕ್ಕೆ ಒಂದು ಜೋಡಿಗೀಟು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಆರೂವರೆಯ ಹತ್ತಿರ ಬೇಕು. ಒಂದು ಜೋಡಿಗೆ ಎರಡು ಪಿಕ್ಸೆಲ್. ಈಗ 12 ಮೈಕ್ರಾನ್ ಪಿಕ್ಸೆಲ್ ಮತ್ತು 35 ಮಿ.ಮೀ ಮಸೂರವಿರುವ ಸೈಟ್ ತೆಗೆದುಕೊಳ್ಳಿ. 12 ಮೈಕ್ರಾನನ್ನು 35 ಮಿ.ಮೀಯಿಂದ ಭಾಗಿಸಿದರೆ ಒಂದು ಪಿಕ್ಸೆಲ್ 0.34 ಮಿಲಿರೇಡಿಯನ್ (ಕೋನದ ಅಳತೆ; ಒಂದು ಮಿಲಿರೇಡಿಯನ್ ಎಂದರೆ 1,000 ಮೀಟರಿನಲ್ಲಿ 1 ಮೀಟರ್), 500 ಮೀಟರಿನಲ್ಲಿ ಅದು 17 ಸೆಂ.ಮೀ. ಅರ್ಧ ಮೀಟರ್ ಅಗಲದ ಮನುಷ್ಯ ಅಲ್ಲಿ ಮೂರೇ ಮೂರು ಪಿಕ್ಸೆಲ್. ಏನೋ ಬಿಸಿ ವಸ್ತು ಇದೆ ಎನ್ನಬಹುದು, ಅಷ್ಟೆ. ಎಂಟು ಪಿಕ್ಸೆಲ್ ಸಿಗಲು ಆತ 180 ಮೀಟರ್ ಹತ್ತಿರ ಬರಬೇಕು. ಎರಡು ಪಿಕ್ಸೆಲ್‌ಗಾದರೆ 700 ಮೀಟರ್ ದಾಟಿದರೂ ಸಾಕು. ಮಾರಾಟದ ಹಾಳೆಯಲ್ಲಿ ಅಚ್ಚಾಗುವುದು 700. ಎಸ್‌ಕ್ಯೂಆರ್‌ನಲ್ಲಿ ಬರೀ ‘ಪತ್ತೆಹಚ್ಚುವ ದೂರ’ ಎಂದು ಬರೆದಿದ್ದರೆ ಆ ಮಾಲು ಪಾಸು. ದನ ಮೇಯಿಸಿ ವಾಪಸಾಗುವ ಹುಡುಗನೋ ಗಡಿ ನುಸುಳುವವನೋ ಎನ್ನುವುದನ್ನು ಕುದುರೆಯ ಮೇಲೆ ಬೆರಳಿಟ್ಟವನು ಊಹಿಸಬೇಕು. ಥರ್ಮಲ್ ಗಾಜಿನಾಚೆ ನೋಡದು. ನಸುಕು ಮುಸ್ಸಂಜೆಗಳಲ್ಲಿ ಬಂಡೆ, ಗಿಡ, ನೆಲ ಒಂದೇ ಬಿಸಿಗೆ ಬಂದಾಗ ಹಿನ್ನೆಲೆಯ ಚಿತ್ರ ಬಾಡುತ್ತದೆ.

ಹಗಲಿನ ಸೈಟಿನ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಕೆಂಪು ಚುಕ್ಕೆಯ ರೆಡ್ ಡಾಟ್ ಹಿಗ್ಗಿಸುವುದಿಲ್ಲ, ಎರಡೂ ಕಣ್ಣು ತೆರೆದು 200 ಮೀಟರ್ ಒಳಗೆ ಬಹಳ ಚುರುಕು. ಚುಕ್ಕೆಯ ಗಾತ್ರ ನೋಡಿ ಕೊಳ್ಳಬೇಕು: ಅದನ್ನು ಎಂಒಎ ಎಂಬ ಕೋನದ ಅಳತೆಯಲ್ಲಿ ಹೇಳುತ್ತಾರೆ, ಒಂದು ಎಂಒಎ ಎಂದರೆ 100 ಮೀಟರಿನಲ್ಲಿ 2.9 ಸೆಂ.ಮೀ. ನಾಲ್ಕು ಎಂಒಎ ಚುಕ್ಕೆ 300 ಮೀಟರಿನಲ್ಲಿ 35 ಸೆಂ.ಮೀ ಮುಚ್ಚುತ್ತದೆ. ಅದರಾಚೆಗೆ ನಾಲ್ಕು ಪಟ್ಟಿನ ಪ್ರಿಸಂ ಸ್ಕೋಪ್, ಅಥವಾ ಒಂದರಿಂದ ಆರೋ ಎಂಟೋ ಪಟ್ಟಿಗೆ ತಿರುಗುವ ಸ್ಕೋಪ್. ಎಕೆ-203ಕ್ಕೆ ರೆಡ್ ಡಾಟ್, ಸಿಗ್‌ಗೆ ಹಿಗ್ಗಿಸುವ ಸ್ಕೋಪ್ ಎನ್ನುವುದು ಗುಂಡಿನ ಸ್ವಭಾವಕ್ಕೆ ಒಪ್ಪುವ ಜೋಡಿ. ಎಲ್ಲರಿಗೂ ಒಂದೇ ಸೈಟ್ ಎಂಬ ಸಮತೆ ಇಲ್ಲಿ ಬೇಡ.

ಅಮೆರಿಕದವರು ಇದನ್ನು ಹೇಗೆ ಮಾಡಿದರು ನೋಡಿ, ಪಾಠ ಎರಡೂ ಕಡೆಗಿದೆ. ಹೊಸ 6.8×51 ಗುಂಡಿನ ಬಂದೂಕಿಗೆ ಅವರು ಸಿಗ್ ಕಂಪನಿಯ ಜೊತೆ ಸಹಿ ಹಾಕಿದ್ದು 2022ರ ಏಪ್ರಿಲಿನಲ್ಲಿ. ಅದರ ಕಣ್ಣಾದ ಎಕ್ಸ್‌ಎಂ157ಕ್ಕೆ ಸ್ಕೋಪ್ ತಯಾರಿಸುವ ವೋರ್ಟೆಕ್ಸ್ ಕಂಪನಿಯ ಜೊತೆ ಸಹಿ ಜನವರಿಯಲ್ಲೇ ಆಗಿತ್ತು. ಕಣ್ಣು ಮೊದಲು, ಬಂದೂಕು ಆಮೇಲೆ! ಒಂದರಿಂದ ಎಂಟು ಪಟ್ಟು ಹಿಗ್ಗಿಸುವ ಆ ಸ್ಕೋಪಿನೊಳಗೆ ಲೇಸರ್ ದೂರಮಾಪಕ, ಗಾಳಿಯ ಒತ್ತಡ-ಉಷ್ಣದ ಸಂವೇದಕ, ಗುಂಡಿನ ಇಳಿತ ಲೆಕ್ಕಹಾಕುವ ಗಣಕ ಎಲ್ಲ ಇವೆ. ದೂರಮಾಪಕ ಯಾಕೆಂದರೆ, 500 ಮೀಟರನ್ನು 450 ಎಂದು ಅಂದಾಜಿಸಿದರೆ 7.62×51ರಂಥ ಗುಂಡು ಸುಮಾರು 40 ಸೆಂ.ಮೀ ಕೆಳಗೆ ಬೀಳುತ್ತದೆ. ಎದೆಗೆ ಇಟ್ಟ ಗುರಿ ಸೊಂಟದ ಹತ್ತಿರ ಇಳಿಯುವಷ್ಟು. ಒಪ್ಪಂದದ ಮಿತಿ ಹತ್ತು ವರ್ಷಕ್ಕೆ 2.5 ಲಕ್ಷ ಸ್ಕೋಪು, 270 ಕೋಟಿ ಡಾಲರ್. ಬಿಡಿಭಾಗ ಸೇವೆ ಸೇರಿ ಒಂದಕ್ಕೆ 10,800 ಡಾಲರ್. ನಮ್ಮ ಒಂದು ಸಿಗ್ ಬಂದೂಕಿನ ಬೆಲೆಗೆ ಹೋಲಿಸಿದರೆ ಏಳೆಂಟು ಪಟ್ಟು. ಆದರೂ ಸುಖವಾಗಿಲ್ಲ. ಪೆಂಟಗನ್ನಿನ ಪರೀಕ್ಷಾ ವಿಭಾಗದ ವರದಿಯಲ್ಲಿ ಸೈನಿಕರು ಈ ಸ್ಕೋಪನ್ನು ಬಳಸಲು ಕಷ್ಟವೆಂದು ತೀರಾ ಕಡಿಮೆ ಅಂಕ ಕೊಟ್ಟಿದ್ದಾರೆ. ಬಂದೂಕಿನ ತೂಕ ಶಬ್ದಶಾಮಕ ಸೇರಿ ನಾಲ್ಕೂವರೆ ಕಿಲೋಗೆ ಹತ್ತಿರ, ಮ್ಯಾಗಜೀನಿಗೆ ಇಪ್ಪತ್ತೇ ಗುಂಡು. ಒಬ್ಬ ಸೈನಿಕ ಹೊರುತ್ತಿದ್ದ 210 ಗುಂಡು 140ಕ್ಕೆ ಇಳಿದಿದೆ. ಜರ್ಮನಿಯವರೂ ಎಡವಿದವರೇ: 2020ರಲ್ಲಿ ಹೆನೆಲ್ ಕಂಪನಿಯ ಬಂದೂಕು ಆರಿಸಿ, ಪೇಟೆಂಟ್ ತಕರಾರಿಗೆ ಸಿಕ್ಕಿ ಕೈಬಿಟ್ಟು, 2022ರ ಕೊನೆಗೆ ಹೆಕ್ಲರ್ ಉಂಡ್ ಕೋಖ್ ಕಡೆ ಬಂದರು. ತಡ ನಮ್ಮೊಬ್ಬರ ಸೊತ್ತಲ್ಲ.

ಮುಂದಿನ ಸೈಟ್ ಟೆಂಡರ್ ಕಣ್ಣಿಗೆ ಬಿದ್ದರೆ ಏನು ಹುಡುಕಬೇಕು? ದೂರದ ಪಕ್ಕದಲ್ಲಿ ‘ಗುರುತಿಸುವ’ ಎಂಬ ಮಾತಿದೆಯೇ, ಗುರಿಯ ಅಗಲ ಮತ್ತು ಲಕ್ಸ್ ಹೇಳಿದ್ದಾರೆಯೇ ನೋಡಿ. ಪರಿಸರ ಪರೀಕ್ಷೆ ಸೇನಾ ಉಪಕರಣಗಳ ಮಾನದಂಡವಾದ ಜೆಎಸ್‌ಎಸ್ 55555ರ ಪ್ರಕಾರವೇ ನೋಡಿ. ಬಿಸಿ, ಚಳಿ, ತೇವ, ಶಿಲೀಂಧ್ರ, ಉಪ್ಪುಗಾಳಿ, ಬೀಳಿಸುವುದು ಎಲ್ಲ ಅದರಲ್ಲಿವೆ. ಆಮೇಲೆ ಎಲ್ಲರೂ ದಾಟಿ ಹೋಗುವ ಸಾಲು: ಮೌಂಟ್. ಸೈಟನ್ನು ಹಳಿಗೆ ಹಿಡಿಸುವ ಈ ಲೋಹದ ತುಂಡು ಬೆಲೆಯಲ್ಲಿ ಚಿಕ್ಕದು, ಎಲ್1 ಪೈಪೋಟಿಯಲ್ಲಿ ಮೊದಲು ಅಗ್ಗವಾಗುವುದೂ ಅದೇ. ಸಂಜೆ ಹಗಲಿನ ಸ್ಕೋಪ್ ತೆಗೆದು ನೈಟ್ ಸೈಟ್ ಹಾಕುವ ಪದ್ಧತಿಯಲ್ಲಿ ದಿನಕ್ಕೆ ಎರಡು ಸಲ ಬಿಚ್ಚಿ ಹಾಕುವುದಾಗುತ್ತದೆ. ಮತ್ತೆ ಹಾಕಿದಾಗ ಗುಂಡು ಮೊದಲಿನ ಜಾಗಕ್ಕೇ ಬೀಳಬೇಕು. ಎಷ್ಟರೊಳಗೆ ಎನ್ನುವುದು ಟೆಂಡರಿನಲ್ಲಿ ಅಂಕಿಯಾಗಿ ಇರಬೇಕು. 7.62×51ರ ಒದೆತಕ್ಕೆ ಸಾವಿರಾರು ಗುಂಡಿನ ಬಳಿಕವೂ ಅದು ಉಳಿಯಬೇಕು. ಹಳೆಯ ಎಕೆಗಳಲ್ಲಿ ಮೇಲಿನ ಮುಚ್ಚಳ ತಗಡಿನದು, ಅಲುಗುತ್ತಿತ್ತು, ಅದಕ್ಕೇ ಸೈಟನ್ನು ಎಡಪಕ್ಕಕ್ಕೆ ಹಾಕುತ್ತಿದ್ದರು. ಎಕೆ-203ರಲ್ಲಿ ಹಳಿ ಮುಚ್ಚಳದ ಮೇಲೇ ಇದೆ. ಶುಚಿಮಾಡಲು ತೆರೆದು ಮುಚ್ಚಿದ ಮೇಲೆ ಬೀಗ ಪೂರ್ತಿ ಕೂತಿದೆಯೇ ನೋಡದಿದ್ದರೆ ಝೀರೋ ಸರಿಯುತ್ತದೆ.

ನಿಮ್ಮ ತಮ್ಮನಿಗೆ ಹೊಸ ಸೈಟ್ ಸಿಕ್ಕಾಗ ಗಮನ ಕೊಡಬೇಕಾದ್ದೂ ಇಲ್ಲೇ. ಮೌಂಟನ್ನು ಹಳಿಯ ಕಚ್ಚಿನಲ್ಲಿ ಕೂರಿಸಿ ನಳಿಕೆಯ ಬಾಯಿಯ ಕಡೆಗೆ ಒತ್ತಿ ಹಿಡಿದು ಆಮೇಲೆ ಬಿಗಿಯಬೇಕು. ನಡುವೆ ಎಡೆ ಬಿಟ್ಟು ಬಿಗಿದರೆ ಮೊದಲ ಗುಂಡುಗಳ ಒದೆತಕ್ಕೆ ಸೈಟ್ ಸರಿದು, ಮಾಡಿದ ಝೀರೋ ನೀರಿನಲ್ಲಿ ಹೋಮ. ಸ್ಕ್ರೂಗಳನ್ನು ತಯಾರಕರು ಹೇಳಿದ ಬಿಗಿಗೆ ಬಿಗಿ ಅಳೆಯುವ ಟಾರ್ಕ್ ಪಾನಾದಿಂದಲೇ ತಿರುಗಿಸಿ, ಸ್ಕ್ರೂ ತಲೆಯಿಂದ ಮೌಂಟಿನ ಮೇಲಕ್ಕೆ ಬಣ್ಣದ ಗೀಟು ಎಳೆಯಬೇಕು. ಗೀಟು ಮುರಿದು ಕಂಡರೆ ಸ್ಕ್ರೂ ಸಡಿಲವಾಗಿದೆ ಎಂದೇ ಲೆಕ್ಕ. ಮೊದಲು 25 ಮೀಟರಿನಲ್ಲಿ ಮೂರೋ ಐದೋ ಗುಂಡಿನ ಗುಂಪು, ಆಮೇಲೆ 100, ಆಮೇಲೆ 300ರಲ್ಲಿ ತಾಳೆ. ಹೆಚ್ಚಿನವರು ಎಡವುವುದು 25 ಮೀಟರಿನಲ್ಲಿ. 0.1 ಮಿಲಿರೇಡಿಯನ್‌ನ ಒಂದು ಕ್ಲಿಕ್ 100 ಮೀಟರಿನಲ್ಲಿ 1 ಸೆಂ.ಮೀ ಸರಿಸುತ್ತದೆ, 25ರಲ್ಲಿ ಎರಡೂವರೆ ಮಿ.ಮೀ ಮಾತ್ರ. 2 ಸೆಂ.ಮೀ ಸರಿಸಲು ಎರಡಲ್ಲ, ಎಂಟು ಕ್ಲಿಕ್ ಬೇಕು. ಸೈಟ್ ನಳಿಕೆಗಿಂತ ಆರೇಳು ಸೆಂ.ಮೀ ಮೇಲಿರುವುದರಿಂದ ಅಷ್ಟು ಹತ್ತಿರದಲ್ಲಿ ಗುಂಡು ಗುರಿಯ ಕೆಳಗೇ ಬೀಳಬೇಕು. ಅಲ್ಲಿ ನಡುಮಧ್ಯಕ್ಕೆ ತಂದರೆ ದೂರದಲ್ಲಿ ತಲೆಯ ಮೇಲೆ ಹೋಗುತ್ತದೆ. ಬ್ಯಾಟರಿ ಎಎ ಗಾತ್ರದ್ದಾದರೆ ಚಳಿಯ ಪೋಸ್ಟಿಗೆ ಲಿಥಿಯಂ ಕೇಳಿ ಪಡೆಯಲಿ: ಸಾಮಾನ್ಯ ಆಲ್ಕಲೈನ್ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಸೋಲುತ್ತದೆ, ಲಿಥಿಯಂ 40ರ ವರೆಗೆ ತಾಳುತ್ತದೆ. ಹೆಚ್ಚುವರಿ ಜೋಡಿಯನ್ನು ಚೀಲದಲ್ಲಿ ಅಲ್ಲ, ಮೈಗೆ ತಾಗುವ ಒಳಜೇಬಿನಲ್ಲಿ ಇಟ್ಟುಕೊಳ್ಳಲಿ.